ಹತ್ತು ದಿನದ ಸೊನ್ನೆ

ಪಾರೀಸ ಮಗದುಮ್ ಏಳು ವರ್ಷ ನೊಣ ಎಣಿಸಿದ. ಎಂಟು ದಿನಕ್ಕೊಮ್ಮೆ ಗಡಹಿಂಗ್ಲಜದ ಬಳಿ ಹಿರಣ್ಯಕೇಶಿ ಹೊಳೆಯ ಬಡಗಣ ದಂಡೆಯ ಹನ್ನೆರಡು ತೋಟ ಸುತ್ತುವುದು, ಗಿಡಕ್ಕೆ ಕಟ್ಟಿದ ಡಬ್ಬಿಯಲ್ಲಿ ಬಿದ್ದು ಸತ್ತ ನೊಣಗಳನ್ನು ಎಣಿಸುವುದು, ಎಣಿಸಿದ್ದನ್ನು ರಜಿಸ್ಟರಿನಲ್ಲಿ ಬರೆಯುವುದು. ಅದೇ ಅವನ ನೌಕರಿ. ಊರವರು ಅವನನ್ನು ಕಂಡಾಗಲೆಲ್ಲ, "ಏನ ಪಾರೀಸಣ್ಣಾ, ಈ ವಾರ ಎಷ್ಟ ಮಂದಿ ತೀರಿಕೊಂಡ್ರು?" ಎಂದು ಕೇಳುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ. ನಿಂತು, ನೆನಪು ಮಾಡಿಕೊಂಡು, ಸರಿಯಾದ ಸಂಖ್ಯೆಯನ್ನೇ ಹೇಳಿ ಮುಂದೆ ಹೋಗುತ್ತಿದ್ದ. ಕೇಳಿದವನಿಗೆ ಆಮೇಲೆ ನಗು ಬರುತ್ತಿರಲಿಲ್ಲ.

ಕೊಲ್ಲಾಪುರ ಸಂಸ್ಥಾನದ ಕಾಲ ಅದು. 1936ರ ಸುಮಾರಿಗೆ ಆ ಸೀಮೆಯ ಪೇರಲಕ್ಕೆ ಹುಳ ಹತ್ತಿತ್ತು. ಮೇಲೆ ನೋಡಿದರೆ ಹಣ್ಣು ಚೆಂದ. ಒಡೆದರೆ ಒಳಗೆ ಅಕ್ಕಿಕಾಳಿನಂಥ ಬಿಳಿ ಹುಳ ಹೊರಳಾಡುತ್ತಿತ್ತು. ಕೊಲ್ಲಾಪುರದ ಪೇಟೆಯವರು ಬುಟ್ಟಿಗಟ್ಟಲೆ ವಾಪಸು ಕಳಿಸತೊಡಗಿದರು. ಹಣ್ಣಿಗೆ ಚುಚ್ಚಿ ತತ್ತಿ ಇಡುವ ನೊಣ ಯಾವ ಜಾತಿಯದು, ಯಾವ ತಿಂಗಳು ಏರುತ್ತದೆ, ಯಾವ ತಿಂಗಳು ಇಳಿಯುತ್ತದೆ ಎಂಬುದನ್ನು ತಿಳಿಯದೆ ಔಷಧ ಹುಡುಕಿ ಉಪಯೋಗವಿಲ್ಲ ಎಂದು ಓದಿದವರು ಯಾರೋ ಹೇಳಿದರು. ಅದಕ್ಕಾಗಿ ಕೊಲ್ಲಾಪುರದಲ್ಲಿ ಒಂದು ಸಣ್ಣ ಕಚೇರಿ ತೆರೆಯಿತು. ಜನ ಅದನ್ನು ಹಣ್ಣಿನ ಕಚೇರಿ ಎಂದರು. ಆ ಕಚೇರಿ ಹೊಳೆಯ ಬಡಗಣ ದಂಡೆಗೆ ಹನ್ನೆರಡು ಡಬ್ಬಿ ಕೊಟ್ಟಿತು, ತೆಂಕಣ ದಂಡೆಯ ಕುರಣವಾಡಿಗೆ ಹನ್ನೆರಡು ಡಬ್ಬಿ ಕೊಟ್ಟಿತು. ಬಡಗಣ ದಂಡೆಯಲ್ಲಿ ದೊಡ್ಡ ದೊಡ್ಡ ತೋಟ, ಹೆಚ್ಚಿನವು ಜೈನರವು. ಅಲ್ಲಿ ಎಣಿಸಲು ಪಾರೀಸ. ಕುರಣವಾಡಿಯಲ್ಲಿ ಜಹಗೀರಿನ ನೆಲದ ಮೇಲೆ ನಲವತ್ತೊಂದು ಮನೆಯ ರೈತರು ಮನೆಗೆ ಹತ್ತು-ಹದಿನೈದು ಪೇರಲ ಗಿಡ ಇಟ್ಟುಕೊಂಡು ಬದುಕುತ್ತಿದ್ದರು. ಅಲ್ಲಿ ಎಣಿಸಲು ಕುರುಬರ ಹಾಲಸಿದ್ದ.

ಡಬ್ಬಿ ಎಂದರೆ ಅರ್ಧಕ್ಕೆ ಕತ್ತರಿಸಿದ ಚಿಮಣಿ ಎಣ್ಣೆಯ ಡಬ್ಬಿ. ತಳದಲ್ಲಿ ನೀರು, ನೀರಿನ ಮೇಲೆ ಚಿಮಣಿ ಎಣ್ಣೆಯ ತೆಳು ಪದರ. ಮೇಲೆ ದಾರಕ್ಕೆ ಕಟ್ಟಿದ ಅರಿವೆಯ ತುಂಡು, ಅದಕ್ಕೆ ಜಾವಾದ ಕಡೆಯಿಂದ ಬರುತ್ತಿದ್ದ ಒಂದು ಹುಲ್ಲಿನ ಎಣ್ಣೆ. ಆ ವಾಸನೆಗೆ ನೊಣ ಹುಚ್ಚೆದ್ದು ಬಂದು ಅರಿವೆಗೆ ಮುತ್ತಿ, ಜಾರಿ, ಕೆಳಗೆ ಬಿದ್ದು ಸಾಯುತ್ತಿತ್ತು. ಬರುವುದೆಲ್ಲ ಗಂಡು. ಹಣ್ಣಿಗೆ ಚುಚ್ಚುವುದು ಹೆಣ್ಣು, ಸಾಯುವುದು ಗಂಡು. "ನಮ್ಮ ಮನ್ಯಾಗೂ ಹಿಂಗ ಐತಿ ಬಿಡಪಾ," ಎಂದು ಹಾಲಸಿದ್ದ ಹೆಂಡತಿ ಕೇಳುವಂತೆಯೇ ಹೇಳುತ್ತಿದ್ದ.

ಎಂಟನೆಯ ದಿನ ಡಬ್ಬಿಯನ್ನು ಮಲಮಲ್ ಬಟ್ಟೆಗೆ ಸೋಸಿ, ನೊಣಗಳನ್ನು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಹರವಿ, ಸೂಜಿಯ ತುದಿಯಿಂದ ಎರಡು ಗುಂಪು ಮಾಡಬೇಕು. ಒಂದರ ರೆಕ್ಕೆಯ ತುದಿಗೆ ಬರೀ ಒಂದು ಕಂದು ಚುಕ್ಕೆ. ಇನ್ನೊಂದರ ರೆಕ್ಕೆಯ ಅಂಚಿನುದ್ದಕ್ಕೂ ಕಪ್ಪು ಗೆರೆ. ಚುಕ್ಕಿ, ಗೆರಿ ಎಂದು ಇವರಿಬ್ಬರೇ ಹೆಸರಿಟ್ಟುಕೊಂಡರು. ಕಚೇರಿಯವರು ಭೂತಗನ್ನಡಿ ಕೊಟ್ಟಿದ್ದರು. ಪಾರೀಸನಿಗೆ ಮೊದಲ ವರ್ಷ ಮುಗಿಯುವುದರೊಳಗೆ ಅದು ಬೇಡವಾಯಿತು. ಮೊದಲು ನೂರಕ್ಕೆ ಎಂಬತ್ತು ಚುಕ್ಕಿಯೇ ಇರುತ್ತಿತ್ತು. ವರ್ಷದಿಂದ ವರ್ಷಕ್ಕೆ ಗೆರಿ ಹೆಚ್ಚುತ್ತ ಹೆಚ್ಚುತ್ತ 1942ಕ್ಕೆ ಅರ್ಧಕ್ಕರ್ಧವಾಯಿತು. ಮಾವಿನ ಕಾಲದಲ್ಲಿ ಗೆರಿಯದೇ ಜೋರು. ಇದನ್ನು ಮೊದಲು ಕಂಡವನು ಪಾರೀಸ, ಕಾಗದ ಬರೆದು ಕಚೇರಿಗೆ ತಿಳಿಸಿದವನೂ ಅವನೇ. ಕಚೇರಿಯಲ್ಲಿ ಅವನ ರಜಿಸ್ಟರಿಗೆ ಮರ್ಯಾದೆ ಇತ್ತು. ಅಕ್ಷರ ದುಂಡಗೆ, ತಿದ್ದುಪಡಿ ಇಲ್ಲ.

ಆದರೆ ಅವನು ಜೈನ. ನೀರು ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ. ಇಬ್ಬರು ಅಣ್ಣಂದಿರ ನಡುವೆ ಹಂಚಿದರೆ ಉಳಿಯುವಷ್ಟು ಹೊಲ ಇರಲಿಲ್ಲ, ಮರಾಠಿ ಐದನೆಯ ಇಯತ್ತೆ ಓದಿದ್ದ, ಹೀಗಾಗಿ ಈ ನೌಕರಿ ಹಿಡಿದ. ಮಗ ಕೊಲ್ಲುವ ಕೆಲಸಕ್ಕೆ ಹೋಗುತ್ತಾನೆ ಎಂದು ತಿಳಿದಾಗ ತಾಯಿ ಸೋನಾಬಾಯಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಕರೆದು ಕೂರಿಸಿಕೊಂಡಳು.

"ಹೊಟ್ಟಿ ಸಲುವಾಗಿ ಕೊಲ್ಲತೀ, ಕೊಲ್ಲು. ಪರ್ವದ ಹತ್ತ ದಿನಾ ಡಬ್ಬಿ ಮುಚ್ಚು. ಅಷ್ಟೂ ಆಗಂಗಿಲ್ಲಂದ್ರ ನಿನ್ನ ಕೈಯಾನ ನೀರು ನನಗ ಬ್ಯಾಡ."

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದ ಹತ್ತು ದಿನ. ಆ ದಿನಗಳಲ್ಲಿ ಆ ಮನೆಗಳವರು ನೇಗಿಲು ಹೂಡುವುದಿಲ್ಲ, ಹಸಿ ಎಲೆ ಹರಿಯುವುದಿಲ್ಲ. ಪಾರೀಸ ಒಪ್ಪಿದ. ಪ್ರತಿ ವರ್ಷ ಪಂಚಮಿಯ ಮುಂಜಾನೆ ಹನ್ನೆರಡೂ ತೋಟ ಸುತ್ತಿ ಅರಿವೆ ಬಿಚ್ಚುತ್ತಿದ್ದ, ಅದುವರೆಗೆ ಬಿದ್ದದ್ದನ್ನು ಎಣಿಸಿ ತೆಗೆದು ಡಬ್ಬಿಗೆ ಗೋಣಿತಟ್ಟು ಹೊದಿಸಿ ಬಿಗಿಯುತ್ತಿದ್ದ. ಹುಣ್ಣಿಮೆಯ ದಿನ ಮತ್ತೆ ತೆರೆಯುತ್ತಿದ್ದ. ತೋಟದ ಧಣಿಗಳೂ ಅವನ ಕುಲದವರೇ, ಇದು ಸರಿಯಾದದ್ದು ಎಂದು ಸುಮ್ಮನಿದ್ದರು. ಕಚೇರಿಗೆ ಯಾರೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಹೇಳಿದರೆ ನೌಕರಿ ಬೇರೆ ಯಾರಿಗಾದರೂ ಹೋದೀತು ಎಂಬ ಅಂಜಿಕೆ ಅವನಿಗಿತ್ತು. ಅದನ್ನು ಧರ್ಮದ ಅರಿವೆಯಲ್ಲಿ ಸುತ್ತಿ ಇಡುವುದು ಬೇಡ.

ಮೊದಲ ವರ್ಷ ರಜಿಸ್ಟರಿನಲ್ಲಿ ಆ ವಾರದ ಅಂಕಿ ಬರೆಯುವ ಮನೆಗಳನ್ನು ಖಾಲಿ ಬಿಟ್ಟಿದ್ದ. ಕಚೇರಿಯ ಕಾರಕೂನ ಕೆಂಪು ಶಾಯಿಯಲ್ಲಿ ಗೀರು ಹಾಕಿ ಹಿಂದಕ್ಕೆ ಕಳಿಸಿದ: ಖಾಲಿ ಬಿಡಕೂಡದು, ಡಬ್ಬಿಯಲ್ಲಿ ಎಷ್ಟು ಇದ್ದವೋ ಅಷ್ಟು ಬರೆಯತಕ್ಕದ್ದು. ಡಬ್ಬಿಯಲ್ಲಿ ಒಂದೂ ಇರಲಿಲ್ಲ. ಪಾರೀಸ ಹನ್ನೆರಡು ಸೊನ್ನೆ ಬರೆದ. ಅಂದಿನಿಂದ ಪ್ರತಿ ವರ್ಷ ಆ ಒಂದು ಎಣಿಕೆಗೆ ಹನ್ನೆರಡು ಸೊನ್ನೆ. ಸುಳ್ಳು ಬರೆದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಯುದ್ಧ ಬಂದು ಜಾವಾದ ಎಣ್ಣೆ ನಿಂತಾಗ ತುಳಸಿ ಎಲೆ ಜಜ್ಜಿ ಅರಿವೆಗೆ ಹಚ್ಚಿದರೆ ಅದೇ ನೊಣ ಬರುತ್ತದೆ ಎಂದು ಕಚೇರಿ ಹೇಳಿಕಳಿಸಿತು. ಎಣ್ಣೆಯ ಬದಲು ತುಳಸಿ ಎಂದು ಅದಕ್ಕಾಗಿಯೇ ಇದ್ದ ಮನೆಯಲ್ಲಿ ಬರೆದ. ಡಬ್ಬಿ ತೆರೆದಿತ್ತೋ ಮುಚ್ಚಿತ್ತೋ ಎಂದು ಕೇಳುವ ಮನೆ ಆ ರಜಿಸ್ಟರಿನಲ್ಲಿ ಇರಲಿಲ್ಲ.

1943ರ ಫಾಲ್ಗುಣದಲ್ಲಿ ಕುರಣವಾಡಿಯ ಚಾವಡಿಗೆ ಕೊಲ್ಲಾಪುರದ ದರಬಾರಿನಿಂದ ಒಂದು ಹುಕುಮು ಬಂತು. ಮಳೆಗಾಲ ಹಿಡಿಯುವುದರೊಳಗೆ ಊರಿನ ಅಷ್ಟೂ ಪೇರಲ ಗಿಡ ಬುಡಸಮೇತ ಕಡಿಯಬೇಕು. ಕಾರಣವನ್ನೂ ಓದಿದರು. ಆರು ವರ್ಷದ ಎಣಿಕೆಯಿಂದ ಸಿದ್ಧವಾದದ್ದೇನೆಂದರೆ, ಬಡಗಣ ದಂಡೆಯಲ್ಲಿ ಭಾದ್ರಪದದ ಹೊತ್ತಿಗೆ ನೊಣ ತಾನಾಗಿ ಪೂರ್ತಿ ನಾಶವಾಗುತ್ತದೆ. ತೆಂಕಣದಲ್ಲಿ ನಾಶವಾಗುವುದಿಲ್ಲ. ಹದಿನೈದು ದಿನದಲ್ಲಿ ಬಡಗಣದಲ್ಲಿ ಮತ್ತೆ ನೊಣ ತುಂಬುತ್ತದೆ. ಅಂದರೆ ಹೊಳೆ ದಾಟಿ ತೆಂಕಣದಿಂದ ಬರುತ್ತದೆ. ಹೊಸ ಗೆರಿ ನೊಣದ ತವರೂ ಕುರಣವಾಡಿಯ ಪೇರಲ ಬನವೇ. ಅದನ್ನು ಕಡಿದರೆ ಸೀಮೆಯೆಲ್ಲ ಉಳಿಯುತ್ತದೆ.

ದರಬಾರು, ಜಹಗೀರುಗಳ ವಿರುದ್ಧ ರೈತರನ್ನು ಕೂಡಿಸುತ್ತಿದ್ದ ನಾವು ಪ್ರಜಾ ಚಳವಳಿಯವರು ಮರುದಿನವೇ ಅಲ್ಲಿಗೆ ಹೋದೆವು. ಮುಂದಾಳು ಯಮನಪ್ಪ, ಇಚಲಕರಂಜಿಯ ಮಗ್ಗದಲ್ಲಿ ಮುಷ್ಕರ ಮಾಡಿ ಕೆಲಸ ಕಳೆದುಕೊಂಡು ಬಂದವ. ನೊಣದ ಮಾತು ನಾವು ನಂಬಲಿಲ್ಲ. ಜಹಗೀರದಾರನಿಗೆ ಕಬ್ಬಿಗೆ ನೆಲ ಬೇಕಾಗಿದೆ, ನೊಣ ಒಂದು ನೆವ ಎಂದು ಭಾಷಣ ಮಾಡಿದೆವು. ಹಾಲಸಿದ್ದನ ಹನ್ನೆರಡೂ ಡಬ್ಬಿ ಬಿಚ್ಚಿ ಹೊಳೆಗೆ ಎಸೆದೆವು. ಚಪ್ಪಾಳೆ ಬಿತ್ತು. ಆ ಹುಕುಮಿನ ಹಿಂದೆ ಪಿತೂರಿಯೇನೂ ಇರಲಿಲ್ಲ, ನೊಣದ ಎಣಿಕೆಯ ಏರಿಳಿತ ತೋರಿಸಲು ಕೊಲ್ಲಾಪುರದಲ್ಲಿ ಕುಳಿತು ಎಳೆದ ಒಂದು ವಕ್ರಗೆರೆ ಇತ್ತು. ಅದು ನಮಗೆ ಆಮೇಲೆ ತಿಳಿಯಿತು. ಗಿಡ ಕಡಿಯಲು ಬಂದ ಆಳುಗಳಿಗೆ ಪಿತೂರಿಯಾದರೂ ಅಷ್ಟೆ, ಗೆರೆಯಾದರೂ ಅಷ್ಟೆ.

ಹುಕುಮು ಓದಿದ ದಿನ ಪಾರೀಸ ಚಾವಡಿಯಲ್ಲೇ ಇದ್ದ. ರಜಿಸ್ಟರು ತರಲು ಅವನನ್ನು ಕರೆಸಿದ್ದರು. ಭಾದ್ರಪದದ ಸಾಲು ಬಂದಾಗ ಅವನು ಓದುವವನಿಗೆ ಇನ್ನೊಮ್ಮೆ ಓದಲು ಹೇಳಿದ. ಓದಿದರು. ಏನೂ ಹೇಳದೆ ರಜಿಸ್ಟರು ಬಗಲಲ್ಲಿ ಇಟ್ಟುಕೊಂಡು ದೋಣಿ ಹತ್ತಿ ಹೋದ. ಎರಡು ದಿನ ಮನೆಯಿಂದ ಹೊರಬೀಳಲಿಲ್ಲ.

ಆ ಎರಡು ದಿನದ ಸಂಗತಿ ಅವನ ಹೆಂಡತಿ ಮಾಣಿಕಬಾಯಿ ಹೇಳಿದ್ದು. ಮೊದಲ ದಿನ ತೋಟದ ಧಣಿ ಬಾಪೂಸಾಹೇಬ ತಾನಾಗಿ ಮನೆಗೆ ಬಂದ. ಬಡಗಣ ದಂಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ತೋಟ ಅವನದು. ಸೊನ್ನೆಯ ಗುಟ್ಟು ಅವನಿಗೂ ಹೊಳೆದಿತ್ತು. ನಮ್ಮ ಪರ್ವದ ಮಾತು ಕಚೇರಿಗೆ ಒಯ್ದರೆ ಜೈನರಿಂದಾಗಿ ಬಡವರ ಗಿಡ ಹೋದವು ಎಂದು ಸೀಮೆಯೆಲ್ಲ ಆಡಿಕೊಳ್ಳುತ್ತದೆ, ನಿನ್ನ ಬಾಯಿಂದ ಸಮಾಜದ ಮೈಗೆ ಕೆಸರು ಬೀಳುವುದು ಬೇಡ ಎಂದು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿ ಹೋದ. ಆಚೆ ದಂಡೆಯ ಪೇರಲ ಇಲ್ಲವಾದರೆ ಈಚೆಯ ಪೇರಲಕ್ಕೆ ಪೇಟೆಯಲ್ಲಿ ಎದುರಾಳಿ ಇರುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಪಾರೀಸ ತಾಯಿಯ ಮುಂದೆ ಹೋಗಿ ಕುಳಿತ. ನಿನ್ನ ಮಾತು ಕೇಳಿದ್ದಕ್ಕೆ ಹೀಗಾಯಿತು ಎಂದ. ಸೋನಾಬಾಯಿ ಬೀಸುವುದನ್ನು ನಿಲ್ಲಿಸಲಿಲ್ಲ.

"ನಾ ಹೇಳಿದ್ದು ಡಬ್ಬಿ ಮುಚ್ಚು ಅಂತ. ಸೊನ್ನಿ ಬರಿ ಅಂತ ಹೇಳಿದ್ನೇನು?"

ಮೂರನೆಯ ದಿನ ಮುಂಜಾನೆ ಅವನು ಹೊಳೆ ದಾಟಿದ. ಅಷ್ಟರಲ್ಲಿ ಕಡಿಯುವ ಆಳುಗಳು ಬಂದು ಹೋಗಿದ್ದರು. ಹೊಳೆಯ ಬದಿಯಿಂದ ಶುರುಮಾಡಿ ಹತ್ತೊಂಬತ್ತು ಗಿಡ ಕೆಡವಿದ್ದರು. ಅದರಲ್ಲಿ ಒಂಬತ್ತು ತಂಗೆವ್ವನವು. ತಂಗೆವ್ವ ಗಂಡ ಸತ್ತ ಹೆಂಗಸು, ಹದಿನಾಲ್ಕು ಗಿಡ ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ. ಉಳಿದ ಗಿಡಗಳ ಬುಡಕ್ಕೆ ಊರವರೂ ನಾವೂ ಕುಳಿತಿದ್ದೆವು. ಪಾರೀಸ ಬಂದು ನಡುವೆ ನಿಂತು, ಯಾವ ಪೀಠಿಕೆಯೂ ಇಲ್ಲದೆ ಎಲ್ಲ ಹೇಳಿದ. ತಾಯಿಯ ಕಟ್ಟು, ಗೋಣಿತಟ್ಟು, ಕೆಂಪು ಶಾಯಿ, ಸೊನ್ನೆ. ಬಾಪೂಸಾಹೇಬ ಬಂದದ್ದನ್ನು ಹೇಳಲಿಲ್ಲ.

ಆಮೇಲೆ ತಂಗೆವ್ವ ಕೇಳಿದಳು.

"ಇದನ್ನ ಮೊನ್ನೆ ಚಾವಡ್ಯಾಗ ಹೇಳಿದ್ರ?"

"ಗಿಡ ಉಳೀತಿದ್ದುವೋ ಏನೋ, ಅವ್ವಾ."

"ಅವ್ವಾ ಅನಬ್ಯಾಡ ನನಗ. ನಿನ್ನ ದೇವರಿಗೆ ಹತ್ತ ದಿನಾ ಕೊಟ್ಟಿ. ನಮಗ ಎರಡ ದಿನಾ ಕೊಡಲಿಲ್ಲ."

ತಂಗೆವ್ವ ಮುಂದೆ ಎಂದೂ ಅವನೊಂದಿಗೆ ಮಾತಾಡಲಿಲ್ಲ, ಎಲ್ಲ ಮುಗಿದ ಮೇಲೂ.

ಯಮನಪ್ಪನ ತಲೆ ಬೇರೆ ಕಡೆ ಓಡಿತು. ಅವನು ಪಾರೀಸನನ್ನು ಬದಿಗೆ ಕರೆದ. ನಾವು ನಾಲ್ಕು ಜನ ಜೊತೆಗಿದ್ದೆವು. ನೀನು ಮುಚ್ಚಿದೆ ಎನ್ನಬೇಡ, ಜಹಗೀರಿನ ಮಂದಿ ಹೇಳಿ ಸೊನ್ನೆ ಬರೆಸಿದರು ಎನ್ನು ಎಂದ. ಆಗ ಗಿಡವೂ ಉಳಿಯುತ್ತದೆ, ನಿನ್ನ ನೌಕರಿಗೂ ಧಕ್ಕೆ ಇಲ್ಲ, ಜಹಗೀರದಾರನ ಮೋರೆಗೂ ಮಸಿ ಬೀಳುತ್ತದೆ. ನಮಗೆಲ್ಲ ಅದು ಸರಿ ಅನ್ನಿಸಿತು. ಒಬ್ಬರಾದ ಮೇಲೆ ಒಬ್ಬರು ಒತ್ತಾಯ ಮಾಡಿದೆವು. ಒಳ್ಳೆಯ ಕೆಲಸಕ್ಕೆ ಒಂದು ಸುಳ್ಳು ಎಂದು ವಾದ ಮಾಡಿದೆವು.

"ಬರದಾವ ನಾನರೀ," ಎಂದ ಪಾರೀಸ. "ಅವರ ಕೈ ನನ್ನ ಲೇಖಣಿಗೆ ಹತ್ತಿಲ್ಲ."

ಯಮನಪ್ಪ ಅವನನ್ನು ದರಬಾರಿನ ನಾಯಿ ಎಂದು ಬೈದ. ಅವನು ಅದನ್ನೂ ನಿಂತು ಕೇಳಿಸಿಕೊಂಡು ಹೋದ.

ಅವನು ಕೊಲ್ಲಾಪುರಕ್ಕೆ ಹೋದದ್ದು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಯುದ್ಧಕಾಲದ ಮೋಟಾರಿನಲ್ಲಿ. ಹಾಲಸಿದ್ದ ಜೊತೆಗೆ ಹೋದ. ಇವನೊಬ್ಬನೇ ಹೋದರೆ ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಅನುಮಾನ. ಕೈಚೀಲದಲ್ಲಿ ಆರು ವರ್ಷದ ರಜಿಸ್ಟರು, ಬಸದಿಯಿಂದ ಬೇಡಿ ತಂದ ಆರು ವರ್ಷದ ಪಂಚಾಂಗ.

ಹಣ್ಣಿನ ಕಚೇರಿಯ ಅಧಿಕಾರಿ ದಾದಾಸಾಹೇಬ ಎಂಬ ಮರಾಠಿ ಮನುಷ್ಯ. ಕೆಟ್ಟವನಲ್ಲ. ಓದಿದವ, ತನ್ನ ಗೆರೆಯ ಮೇಲೆ ಪ್ರೀತಿ ಇದ್ದವ. ಆ ಗೆರೆಯ ನಕ್ಷೆ ಅವನ ಹಿಂದಿನ ಗೋಡೆಗೇ ಹಾಕಿತ್ತು. ಪ್ರತಿ ವರ್ಷ ಮಳೆಗಾಲದ ಕೊನೆಗೆ ಬಡಗಣದ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿದು ಮತ್ತೆ ಮೇಲೆ ಬರುತ್ತಿತ್ತು. ಪಾರೀಸ ಅದನ್ನು ಮೊದಲ ಸಲ ನೋಡಿದ. ಬಹಳ ಹೊತ್ತು ನೋಡಿದನಂತೆ. ಆಮೇಲೆ ಪಂಚಾಂಗ ಬಿಚ್ಚಿದ.

ಅವನು ತೋರಿಸಿದ್ದು ಇಷ್ಟು. 1938ರಲ್ಲಿ ಸೊನ್ನೆ ಬಿದ್ದದ್ದು ಸಪ್ಟೆಂಬರಿನ ಮೊದಲ ವಾರ. ಮರುವರ್ಷ ಅಧಿಕಮಾಸ ಬಂತು, ಸೊನ್ನೆ ಇಪ್ಪತ್ತು ದಿನ ಮುಂದೆ ಸರಿದು ಆ ತಿಂಗಳ ಕೊನೆಗೆ ಬಿತ್ತು. ಆಮೇಲೆ ಮತ್ತೆ ಹಿಂದಕ್ಕೆ, 1942ರಲ್ಲಿ ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ. ಮಳೆ, ಬಿಸಿಲು, ಗಾಳಿ ಯಾವುದಕ್ಕೂ ಅದು ಹೊಂದುವುದಿಲ್ಲ. ಪಂಚಮಿ ಎಂದು ಬಂತೋ ಅಂದು ನೊಣ ಸತ್ತಿದೆ.

"ಸಾಹೇಬ್ರ, ನೊಣಕ್ಕ ತಿಥಿ ತಿಳೀತೈತೇನ್ರಿ?" ಎಂದು ಹಾಲಸಿದ್ದ ನಡುವೆ ಬಾಯಿ ಹಾಕಿದ.

ದಾದಾಸಾಹೇಬ ನಗಲಿಲ್ಲ. ಆರು ವರ್ಷ ಸೊನ್ನೆ ಬರೆದು ಮೋಸ ಮಾಡಿದ ಮನುಷ್ಯ ಈಗ ಊರವರ ಪರವಾಗಿ ಇನ್ನೊಂದು ಮೋಸ ಮಾಡುತ್ತಿಲ್ಲ ಎಂದು ಹೇಗೆ ನಂಬಲಿ ಎಂದು ಮರಾಠಿಯಲ್ಲಿ ಕೇಳಿದ. ಚಳವಳಿಯವರು ಡಬ್ಬಿ ಹೊಳೆಗೆ ಎಸೆದದ್ದು ಅವನಿಗೆ ಗೊತ್ತಾಗಿತ್ತು. ನಮ್ಮ ಚಪ್ಪಾಳೆಯ ಬೆಲೆ ಪಾರೀಸ ತೆತ್ತ. ಕೊನೆಗೆ ಸಾಹೇಬ ಒಂದು ದಾರಿ ಹೇಳಿದ. ಕಡಿಯುವುದನ್ನು ಭಾದ್ರಪದದವರೆಗೆ ನಿಲ್ಲಿಸುತ್ತೇನೆ. ಈ ವರ್ಷ ಆ ಹತ್ತು ದಿನ ನಿನ್ನ ಡಬ್ಬಿ ತೆರೆದಿರಲಿ. ನಮ್ಮ ಸಿಪಾಯಿ ಬಂದು ಕೂರುತ್ತಾನೆ. ನೊಣ ಬಿದ್ದರೆ ಹುಕುಮು ರದ್ದು. ಬೀಳದಿದ್ದರೆ ಗಿಡವೂ ಇಲ್ಲ, ನೀನೂ ಇಲ್ಲ.

ಪಾರೀಸ ಅಲ್ಲೇ ಹೂಂ ಎನ್ನಲಿಲ್ಲ. ಊರಿಗೆ ಹೋಗಿ ಹೇಳುತ್ತೇನೆ ಎಂದ.

ಮೋಟಾರಿನಲ್ಲಿ ಹಾಲಸಿದ್ದ ಇದನ್ನು ಬಗೆಹರಿಸಿಯೇಬಿಟ್ಟ. ಆ ಹತ್ತು ದಿನ ನೀನು ಬಸದಿಯಲ್ಲಿ ಕೂರು, ನಿನ್ನ ಡಬ್ಬಿಗೂ ನಾನೇ ತುಳಸಿ ಕಟ್ಟುತ್ತೇನೆ, ನಿನಗೇನು ಪಾಪ ಎಂದ. ಪಾರೀಸ ಬೇಡವೆಂದು ತಲೆಯಾಡಿಸಿದ. ಅವರ ಧರ್ಮದ ಲೆಕ್ಕ ನಮಗೆ ಗೊತ್ತಿಲ್ಲದ್ದು. ತಾನು ಮಾಡಿದ್ದು, ಬೇರೆಯವರ ಕೈಯಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಮೂರೂ ಒಂದೇ ತೂಕವಂತೆ. ನಿನ್ನ ಕೈಯಿಂದ ಮಾಡಿಸಿದರೆ ನನ್ನ ಪಾಪವೇನೂ ಕಡಿಮೆಯಾಗುವುದಿಲ್ಲ, ನಿನ್ನನ್ನೂ ಅದರೊಳಗೆ ಎಳೆದಂತಾಗುತ್ತದೆ ಎಂದು ತಿಳಿಸಿ ಹೇಳಿದ. ಹಾಗಾದರೆ ಬಿಟ್ಟುಬಿಡು ಎಂದ ಹಾಲಸಿದ್ದ. ಬಿಟ್ಟರೆ ಉಳಿದ ಗಿಡ ಕಡಿಯುವ ಕೊಡಲಿಯ ಹಿಡಿ ನನ್ನದಾಗುತ್ತದೆ ಎಂದ ಪಾರೀಸ.

ಊರಿಗೆ ಬಂದ ಮೇಲೆ ಪಾರೀಸ ಒಪ್ಪಿದೆನೆಂದು ಕಚೇರಿಗೆ ಕಾಗದ ಹಾಕಿದ. ಅದು ತಿಳಿದು ಬಸದಿಯ ಹಿರಿಯರು ಕೂಡಿದರು. ಬೇರೆ ಯಾವ ದಿನವಾದರೂ ಹೇಗೋ ನಡೆಯುತ್ತಿತ್ತು, ವರ್ಷದಲ್ಲಿ ಉಳಿದಿದ್ದ ಹತ್ತು ದಿನವನ್ನೂ ಇವನು ಬಿಟ್ಟುಕೊಟ್ಟರೆ ಪರ್ವದಲ್ಲಿ ಇವನ ಮನೆಯ ಸರದಿಯ ಅಭಿಷೇಕ ಬೇಡ ಎಂದರು. ಅವನು ವಾದ ಮಾಡಲಿಲ್ಲ. ಬೇಡ ಎಂಬುದು ಸರಿಯೇ ಎಂದ. ಬಾಪೂಸಾಹೇಬ ಅವನು ತನ್ನ ತೋಟಕ್ಕೆ ಕಾಲಿಡಬಾರದು ಎಂದ. ಸಿಪಾಯಿಯ ಕೈಯಲ್ಲಿ ಕಚೇರಿಯ ಚೀಟಿ ಇತ್ತು, ಹೀಗಾಗಿ ಆ ಮಾತು ನಡೆಯಲಿಲ್ಲ. ಸೋನಾಬಾಯಿ ಮಗನಿಗೆ ಹೌದು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪಂಚಮಿಯ ಹಿಂದಿನ ದಿನ ತನ್ನ ನೀರಿನ ಕೊಡವನ್ನು ಬೇರೆ ಇಟ್ಟುಕೊಂಡಳು.

ಪಂಚಮಿಯ ಮುಂಜಾನೆ ಜಿಟಿಜಿಟಿ ಮಳೆ. ಪಾರೀಸ ತನ್ನ ಹಿತ್ತಲ ಬೇಲಿಯಲ್ಲಿದ್ದ ತುಳಸಿಯನ್ನು ಹರಿದ. ಹಸಿ ಎಲೆ ಹರಿಯಬಾರದ ದಿನ. ನಾಯಿ ಕಚ್ಚಿದವನ ಹಾಗೆ ಕೈ ಝಾಡಿಸಿಕೊಂಡ ಎಂದು ಮಾಣಿಕಬಾಯಿ ಹೇಳುತ್ತಾಳೆ. ಮತ್ತೆ ಹರಿದ. ಹನ್ನೆರಡು ಡಬ್ಬಿಗೆ ಆಗುವಷ್ಟು ಹರಿದು, ಕಲ್ಲಿನ ಮೇಲೆ ಜಜ್ಜಿ, ಕಚೇರಿಯಿಂದ ಬಂದ ಸಿಪಾಯಿ ಧೋಂಡಿಬಾನ ಎದುರಿಗೆ ಒಂದೊಂದು ಅರಿವೆಗೂ ತಾನೇ ಹಚ್ಚಿ ಕಟ್ಟಿದ. ಧೋಂಡಿಬಾ ಚಿಲುಮೆ ಸೇದುತ್ತ ನೋಡಿದ. ಒಂದು ಡಬ್ಬಿಯ ಹತ್ತಿರ ಅವರು ನಿಂತಿದ್ದಂತೆಯೇ ಮೊದಲನೆಯ ನೊಣ ಬಂದು ಅರಿವೆಯ ಮೇಲೆ ಕೂತಿತು. ಧೋಂಡಿಬಾ ಅದನ್ನು ಹೇಳಿ ನಕ್ಕಾಗ ಪಾರೀಸ ಗೆರಿ ಎಂದಷ್ಟೇ ಹೇಳಿ ಮುಂದಿನ ತೋಟಕ್ಕೆ ನಡೆದ.

ಅವನು ಆ ಹತ್ತು ದಿನ ಕಟ್ಟುಪವಾಸ ಮಾಡಿದ ಎಂದು ಕುರಣವಾಡಿಯಲ್ಲಿ ಕಥೆ ಕಟ್ಟಿದರು. ಸುಳ್ಳು. ಪ್ರತಿ ಮಧ್ಯಾಹ್ನ ಜೋಳದ ಭಕ್ಕರಿ ತಿಂದ. ಕೆಸರಲ್ಲಿ ಹನ್ನೆರಡು ತೋಟ ಸುತ್ತುವವನು ತಿನ್ನದೆ ಏನು ಮಾಡಬೇಕು? ಈ ಕೈಯಿಂದ ಇಂಥ ಕೆಲಸ ಮಾಡುತ್ತ ಉಪವಾಸ ಕೂತರೆ ಅದು ಬರೀ ಸೋಗು ಎಂದು ಹೆಂಡತಿಗೆ ಹೇಳಿದ್ದನಂತೆ.

ಎಂಟನೆಯ ದಿನ ಎಣಿಸಿದರು. ಆಚೆ ಹಾಲಸಿದ್ದ ಹೊಸ ಡಬ್ಬಿಗಳಲ್ಲಿ ಎಣಿಸಿದ, ಈಚೆ ಪಾರೀಸ. ಪಿಂಗಾಣಿ ತಟ್ಟೆಯ ಮೇಲೆ ಸೂಜಿ ಹಿಡಿದು ಮುಂಜಾನೆಯಿಂದ ಕೂತವನು ಹೊತ್ತು ಇಳಿಯುವ ತನಕ ಎಣಿಸಿದ. ಗೆರಿ ಆರುನೂರ ಹನ್ನೊಂದು. ಚುಕ್ಕಿ ಐನೂರ ನಲವತ್ತೆಂಟು. ಎರಡೂ ಸೇರಿ ಒಂದು ಸಾವಿರದ ನೂರ ಐವತ್ತೊಂಬತ್ತು. ತೆಂಕಣದ್ದು ಒಂದು ಸಾವಿರದ ಇನ್ನೂರ ನಾಲ್ಕು. ಎರಡು ದಂಡೆಗೂ ಫರಕೇ ಇರಲಿಲ್ಲ. ಧೋಂಡಿಬಾ ಹೆಬ್ಬೆಟ್ಟು ಒತ್ತಿದ. ಎಣಿಕೆ ಮುಗಿಯಿತಲ್ಲ, ಇನ್ನೆರಡು ದಿನ ಮುಚ್ಚಿಬಿಡು ಎಂದು ಅವನೇ ಹೇಳಿದ. ಮಾತು ಹತ್ತು ದಿನದ್ದಿತ್ತು, ಪಾರೀಸ ಚತುರ್ದಶಿಯ ಸಂಜೆಯವರೆಗೂ ಮುಚ್ಚಲಿಲ್ಲ.

ಹುಕುಮು ದಸರೆಯ ಮುಂಚೆ ರದ್ದಾಯಿತು. ಕುರಣವಾಡಿಯ ಚಾವಡಿಯಲ್ಲಿ ಓದಿದಾಗ ಪಾರೀಸ ಇರಲಿಲ್ಲ. ಕಡಿದ ಹತ್ತೊಂಬತ್ತರಲ್ಲಿ ಬುಡ ಉಳಿದಿದ್ದ ಏಳು ಚಿಗುರಿದವು, ಉಳಿದದ್ದು ಉರುವಲಾಯಿತು. ಅವನನ್ನು ಕಚೇರಿಯವರು ತೆಗೆಯಲಿಲ್ಲ. ದಾದಾಸಾಹೇಬ ಗೋಡೆಯ ನಕ್ಷೆ ಇಳಿಸಿ, ನೀನೇ ಮುಂದುವರಿಸು ಎಂದು ಕಾಗದ ಬರೆದ. ಪಾರೀಸ ರಜಿಸ್ಟರು, ಸೂಜಿ, ತಟ್ಟೆ, ಭೂತಗನ್ನಡಿ ಎಲ್ಲ ಹಾಲಸಿದ್ದನ ಕೈಗೆ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಮಗ್ಗದ ಕೆಲಸ ಹುಡುಕಿ ಇಚಲಕರಂಜಿಗೆ ಹೋದ. ಸೋನಾಬಾಯಿ ಹೋಗಲಿಲ್ಲ. ಅವಳು ಎರಡು ವರ್ಷದ ಮೇಲೆ ದೊಡ್ಡ ಮಗನ ಮನೆಯಲ್ಲಿ ತೀರಿಕೊಂಡಳು. ಪಾರೀಸ ಸಂಸ್ಕಾರಕ್ಕೆ ಬಂದ, ಮೂರನೆಯ ದಿನ ಹೊರಟುಹೋದ.

1949ರಲ್ಲಿ ಸಂಸ್ಥಾನ ಹೋಯಿತು. ಕುರಣವಾಡಿಯವರು ಸಭೆ ಇಟ್ಟುಕೊಂಡರು. ಪೇರಲ ಉಳಿಸಿದ ಮನುಷ್ಯನನ್ನು ಕರೆಸಿ ಹಾರ ಹಾಕಬೇಕು ಎಂದು ಮಾತು ಬಂತು. ದರಬಾರಿನ ನಾಯಿ ಎಂದು ಬೈದಿದ್ದ ಯಮನಪ್ಪನೇ ಆ ಮಾತು ಎತ್ತಿದ. ಬೈದವನು ನಾನು, ನಾನೇ ಹೋಗಿ ಕರೆಯುತ್ತೇನೆ ಎಂದ. ನಾವು ಇಬ್ಬರು ಜೊತೆಗೆ ಹೊರಟೆವು. ಹಾತಕಣಂಗಲೆಯಲ್ಲಿ ರೈಲು ಇಳಿದು ಟಾಂಗಾ ಹಿಡಿದು ಇಚಲಕರಂಜಿಯ ಮಗ್ಗದ ಕೇರಿ ಶಹಾಪುರಕ್ಕೆ ಹೋದೆವು. ಮಗ್ಗದ ಶೆಡ್ಡಿನ ಸದ್ದಿಗೆ ಕಿವಿ ಮುಚ್ಚಿಕೊಂಡು ನಿಂತೆವು. ಪಾಳಿ ಬಿಟ್ಟ ಮೇಲೆ ಪಾರೀಸ ಬಂದ. ತಲೆಯ ಮೇಲೆಲ್ಲ ಹತ್ತಿಯ ಧೂಳು, ಬಡಕಲಾಗಿದ್ದ. ಯಮನಪ್ಪ ಕೈ ಜೋಡಿಸಿ ತಪ್ಪಾಯಿತು ಎಂದ. ಪಾರೀಸ ಚಹಾ ತರಿಸಿದ.

ಸಭೆಯ ಮಾತು ಹೇಳಿದೆವು. ಊರೆಲ್ಲ ಕಾಯುತ್ತಿದೆ ಎಂದೆವು. ತಂಗೆವ್ವನ ವಿಚಾರ ಕೇಳಿದ. ಅವಳು ಬರುವುದಿಲ್ಲ ಎಂದಿದ್ದಾಳೆ ಎಂದು ಇದ್ದದ್ದನ್ನೇ ಹೇಳಿದೆವು. ತಲೆಯಾಡಿಸಿದ. ಚಹಾ ಮುಗಿಸಿದ. ಆಮೇಲೆ ಹೇಳಿದ.

"ನಾ ಬರಾಂಗಿಲ್ಲರೀ. ಆ ಹತ್ತ ದಿನದಾಗ ಕೊಂದದ್ದು ನಾನ. ಅದಕ್ಕ ಈಗ ಹಾರ ಹಾಕಿಸ್ಕೊಂಡ್ರ ಚಲೋ ಆತು ಅಂದಾಂಗ ಆಗತೈತಿ. ಮಾಡಿದ್ದ ಒಂದ ಸಾಕು. ಮೆಚ್ಚೂದು ಬ್ಯಾಡ."

"ಗಿಡ ಉಳದಾವಲ್ಲೋ ಪಾರೀಸಾ," ಎಂದ ಯಮನಪ್ಪ.

"ಉಳದಾವ. ಭಾಳ ಚಲೋ ಆತು," ಎಂದ. "ನೊಣಾನೂ ಸತ್ತಾವ."

ಅವನು ಟಾಂಗಾದವರೆಗೆ ಬಂದು ನಿಂತು, ಈಗ ಗೆರಿ ಎಷ್ಟು ಬೀಳುತ್ತದೆ, ಚುಕ್ಕಿ ಎಷ್ಟು ಎಂದು ವಿಚಾರಿಸಿದ. ನಮಗೆ ಗೊತ್ತಿರಲಿಲ್ಲ. ಹಾಲಸಿದ್ದನಿಗೆ ಕಾಗದ ಬರೆದು ಕೇಳುತ್ತೇನೆ ಎಂದು ಹೇಳಿ ಒಳಗೆ ಹೋದ.

ಸಭೆಯ ದಿನ ಹಾರ ತಂದಾಗಿತ್ತು. ಅದನ್ನು ಯಮನಪ್ಪನಿಗೆ ಹಾಕಿದೆವು. ಅವನು ಹಾಕಿಸಿಕೊಂಡ.